44ನೇ ವಯಸ್ಸಿಗೆ ವೀರ್ಯ ಪರೀಕ್ಷೆ ಮಾಡಿಸಿದೆ, ರಿಪೋರ್ಟ್ ಸರಿ ಬಂದಿಲ್ಲ. ವಯಸ್ಸೇ ಕಾರಣವಾ? ಗೊತ್ತಿರುವವರು ಹೇಳಿ

ಆಲೆಮನೆ ಪಾಂಡವಪುರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಈ ವಿಷಯ ಊರಲ್ಲಿ ಯಾರ ಹತ್ತಿರವೂ ಕೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನಗೆ 44 ವರ್ಷ. ಪಾಂಡವಪುರದ ಹತ್ತಿರ ಹಳ್ಳಿ. ಮೂರು ಎಕರೆ ಕಬ್ಬು, ಒಂದು ಆಲೆಮನೆ ಇದೆ. ಮದುವೆ ಆಗಿದ್ದು 41ಕ್ಕೆ. ಅಷ್ಟು ತಡ ಯಾಕೆ ಅಂತ ಮಂಡ್ಯ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ವರ್ಷ ಹೆಣ್ಣು ನೋಡಿದೆವು. 'ಹುಡುಗ ಒಳ್ಳೆಯವನೇ, ಆದರೆ ವ್ಯವಸಾಯ' ಅನ್ನುವ ಮಾತು ಎಷ್ಟು ಮನೆಯಲ್ಲಿ ಕೇಳಿದೆನೋ ಲೆಕ್ಕವಿಲ್ಲ. 2023ರ ಫೆಬ್ರವರಿಯಲ್ಲಿ ಕೆ.ಎಂ.ದೊಡ್ಡಿಯಿಂದ ಮಾದಪ್ಪನ ಬೆಟ್ಟಕ್ಕೆ ಮದುವೆಯಾಗದ ಹುಡುಗರು ಪಾದಯಾತ್ರೆ ಹೋಗಿದ್ದು ನಿಮಗೆ ನೆನಪಿರಬಹುದು. ನಮ್ಮ ಚಿಕ್ಕಪ್ಪನ ಮಗನೂ ಅದರಲ್ಲಿ ನಡೆದಿದ್ದ. ನಮ್ಮ ಕಡೆ 40ರ ಹತ್ತಿರ ತಾಳಿ ಕಟ್ಟುವುದು ಈಗ ಮಾಮೂಲು. ಆದರೆ ಅದಾದ ಮೇಲಿನ ಕಷ್ಟ ಯಾರೂ ಮಾತಾಡಲ್ಲ.

ನನ್ನ ಹೆಂಡತಿಗೆ 33. ಮದುವೆಯಾಗಿ ಎರಡೂವರೆ ವರ್ಷ ಆಯಿತು, ಇನ್ನೂ ಮಗು ಇಲ್ಲ. ಮೊದಲ ವರ್ಷ ಕಳೆದ ಕೂಡಲೇ ಅವ್ವ ಇವಳನ್ನು ಅರಳಿಕಟ್ಟೆ ಸುತ್ತೋಕೆ ಹಚ್ಚಿದರು. ಬೆಳಗ್ಗೆ ಐದೂವರೆಗೆ ಎದ್ದು, ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಲ್ಲೇ ನಾಗರಕಲ್ಲಿಗೆ ನೀರೆರೆದು 48 ದಿನ ಸುತ್ತಿದಳು. ಡಿಸೆಂಬರ್ ಚಳಿಯಲ್ಲಿ. ನಾನು ರಗ್ಗು ಹೊದ್ದು ಮಲಗಿರುತ್ತಿದ್ದೆ. ಈಗ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಆಮೇಲೆ ಡಾಕ್ಟರ್. ಇವಳಿಗೆ ಥೈರಾಯ್ಡ್ ಟೆಸ್ಟ್, ಸ್ಕ್ಯಾನಿಂಗ್, ಟ್ಯೂಬ್ ಟೆಸ್ಟ್ ಎಲ್ಲಾ ಆಯಿತು. ಎಲ್ಲಾ ನಾರ್ಮಲ್. ಮುಟ್ಟು ಕೂಡ ಸರಿಯಾಗಿ ತಿಂಗಳಿಗೆ ಬರುತ್ತದೆ. ಹೋದ ತಿಂಗಳು ಮೈಸೂರಿನಲ್ಲಿ ಹೊಸ ಡಾಕ್ಟರ್ ಹತ್ತಿರ ಹೋದೆವು. ಅವರು ಫೈಲ್ ಪೂರ್ತಿ ತಿರುವಿ ಹಾಕಿ, ಕನ್ನಡಕ ತೆಗೆದು ನನ್ನ ಕಡೆ ನೋಡಿ 'ನಿಮ್ಮ ರಿಪೋರ್ಟ್ ಎಲ್ಲಿ?' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಎರಡೂವರೆ ವರ್ಷದಲ್ಲಿ ಆ ಪ್ರಶ್ನೆ ಯಾರೂ ಕೇಳಿರಲಿಲ್ಲ. ನಾನೂ ಕೇಳಿಕೊಂಡಿರಲಿಲ್ಲ.

ಒಂದು ಲ್ಯಾಬಿನಲ್ಲಿ ಕೊಟ್ಟೆ. ಕೊಡೋಕೆ ಬೇರೆ ರೂಂ ಇರಲಿಲ್ಲ, ಎಲ್ಲರೂ ಹೋಗುವ ಟಾಯ್ಲೆಟ್ಟೇ. ಹೊರಗಿಂದ ಇಬ್ಬರು ಬಾಗಿಲು ಬಡಿದರು. ಮೊದಲ ಸ್ವಲ್ಪ ಡಬ್ಬಿಗೆ ಬೀಳದೆ ಹೊರಗೆ ಹೋಯಿತು. ರಿಪೋರ್ಟ್ ಹೀಗಿದೆ: ವಾಲ್ಯೂಮ್ 1.8 ಎಂ.ಎಲ್., ಕೌಂಟ್ ಒಂದು ಎಂ.ಎಲ್.ಗೆ 22 ಮಿಲಿಯನ್, ಒಟ್ಟು ಮೊಟಿಲಿಟಿ 34, ಪ್ರೋಗ್ರೆಸಿವ್ 21, ನಾರ್ಮಲ್ ಫಾರಂ 3. ಕೆಳಗೆ ಅಸ್ತೆನೋ ಟೆರಟೋ ಅಂತ ಏನೋ ದೊಡ್ಡ ಹೆಸರು ಬರೆದಿದ್ದಾರೆ. ಡಾಕ್ಟರ್ ಅಪಾಯಿಂಟ್‌ಮೆಂಟ್ ಇರುವುದು ಇನ್ನು ಹನ್ನೆರಡು ದಿನಕ್ಕೆ. ಅಲ್ಲಿಯವರೆಗೆ ನಿದ್ದೆ ಬರಲ್ಲ.

ನನ್ನ ಪ್ರಶ್ನೆ ಇಷ್ಟೇ. ಇದು ವಯಸ್ಸಿಂದ ಆಗಿದ್ದಾ? ನಮ್ಮಪ್ಪನಿಗೆ 48 ಆಗಿದ್ದಾಗ ನನ್ನ ಕೊನೇ ತಮ್ಮ ಹುಟ್ಟಿದ. 'ಗಂಡಸಿಗೇನು ವಯಸ್ಸು' ಅಂತಲೇ ಕೇಳಿಕೊಂಡು ಬೆಳೆದವನು ನಾನು. ಇನ್ನೊಂದು, ಈ ವಯಸ್ಸಲ್ಲಿ ಮಗು ಆದರೂ ಮಗುವಿಗೆ ತೊಂದರೆ ಇರುತ್ತದಾ? ಎಲೆ ಅಡಿಕೆ ಜೊತೆ ಕಡ್ಡಿಪುಡಿ ತಂಬಾಕು ಹಾಕುತ್ತೇನೆ, ಕುಡಿಯಲ್ಲ. ಶುಗರ್ ಇಲ್ಲ. ಎರಡು ತಿಂಗಳ ಹಿಂದೆ ಡೆಂಗ್ಯೂ ಬಂದು ಒಂದು ವಾರ ಮಲಗಿದ್ದೆ. ಬೇರೆ ಏನೂ ಕಾಯಿಲೆ ಇಲ್ಲ.

ಲ್ಯಾಬ್ ಅಕ್ಕ ಮೈಸೂರು ಉತ್ತರ:

ಅಣ್ಣ, ಮೊದಲು ಸಮಾಧಾನ ಮಾಡಿಕೊಳ್ಳಿ. ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. 19 ವರ್ಷದಿಂದ ಮೈಸೂರಿನಲ್ಲಿ ಇದೇ ಪರೀಕ್ಷೆ ಮಾಡುತ್ತಿದ್ದೇನೆ. ನಿಮ್ಮ ರಿಪೋರ್ಟ್ ಓದಿ ಹೆದರುವಂಥದ್ದು ನನಗೆ ಕಾಣಲಿಲ್ಲ. ಆದರೆ ಈ ರಿಪೋರ್ಟ್ ನಂಬಿ ಕೂರುವ ಹಾಗೂ ಇಲ್ಲ.

ಯಾಕೆ ಹೇಳುತ್ತೇನೆ ಕೇಳಿ. ನೀವೇ ಬರೆದಿದ್ದೀರಿ, ಮೊದಲ ಭಾಗ ಹೊರಗೆ ಹೋಯಿತು ಅಂತ. ವೀರ್ಯಾಣು ಜಾಸ್ತಿ ಇರುವುದೇ ಆ ಮೊದಲ ಭಾಗದಲ್ಲಿ. ಅದು ಹೋದರೆ ವಾಲ್ಯೂಮ್ ಮತ್ತು ಕೌಂಟ್ ಎರಡೂ ಕಮ್ಮಿ ತೋರಿಸುತ್ತದೆ. ಆಮೇಲೆ ಡೆಂಗ್ಯೂ. ಒಂದು ವೀರ್ಯಾಣು ತಯಾರಾಗೋಕೆ ಸುಮಾರು 74 ದಿನ ಬೇಕು, ಆಮೇಲೆ ನಳಿಕೆಯಲ್ಲಿ ಬಲಿತು ಹೊರಗೆ ಬರೋಕೆ ಇನ್ನಷ್ಟು ದಿನ. ಒಟ್ಟು ಮೂರು ತಿಂಗಳು ಅಂದುಕೊಳ್ಳಿ. ಇವತ್ತು ಡಬ್ಬಿಯಲ್ಲಿ ಕೊಟ್ಟದ್ದು ಮೂರು ತಿಂಗಳ ಹಿಂದೆ ನಾಟಿ ಮಾಡಿದ ಪೈರು. ಮಧ್ಯದಲ್ಲಿ ಒಂದು ವಾರ ಜೋರು ಜ್ವರ ಬಂದಿದೆ. ಪೈರು ಬಾಡದೇ ಇರುತ್ತದಾ? ಜ್ವರ ಬಂದು ಹೋದವರ ಚಲನೆ, ಕೌಂಟ್ ಎರಡು ಮೂರು ತಿಂಗಳು ಕೆಳಗೇ ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅದಕ್ಕೇ ಒಂದು ಸಲದ ಪರೀಕ್ಷೆ ಸಾಲಲ್ಲ. ಕಮ್ಮಿ ಅಂದರೂ ಎರಡು ಸಲ ಮಾಡಿಸಬೇಕು.

ನಂಬರ್ ವಿಷಯ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಗಡಿ ಹೀಗಿದೆ. ವಾಲ್ಯೂಮ್ 1.4 ಎಂ.ಎಲ್., ಒಂದು ಎಂ.ಎಲ್.ಗೆ 16 ಮಿಲಿಯನ್ ಅಂದರೆ 1.6 ಕೋಟಿ, ಒಟ್ಟು ಮೊಟಿಲಿಟಿ ಅಂದರೆ ಚಲನೆ ನೂರಕ್ಕೆ 42, ಪ್ರೋಗ್ರೆಸಿವ್ ಅಂದರೆ ಮುಂದಕ್ಕೆ ಈಜುವವು 30, ನಾರ್ಮಲ್ ಫಾರಂ ಅಂದರೆ ಆಕಾರ ಸರಿ ಇರುವವು 4. ಕೊನೆಯದು ನೋಡಿ. ನೂರರಲ್ಲಿ ನಾಲ್ಕೇ ಸರಿ ಇದ್ದರೂ ಸಾಕು. ನಿಮ್ಮದು 3 ಅಂತ ನೀವು ಗಾಬರಿಯಾಗಿರುತ್ತೀರಿ, 97 ಹಾಳಾಗಿದೆ ಅಂತ. ಆರೋಗ್ಯವಾಗಿರುವ ಗಂಡಸಿನದೂ ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಈ ಗಡಿ ಪಾಸು ಫೇಲಿನ ಗೆರೆಯೂ ಅಲ್ಲ. ಒಂದು ವರ್ಷದೊಳಗೆ ಹೆಂಡತಿ ಬಸುರಿಯಾದ ಗಂಡಸರನ್ನು ಪರೀಕ್ಷೆ ಮಾಡಿದಾಗ, ಅವರಲ್ಲಿ ನೂರಕ್ಕೆ ಐದು ಜನ ಈ ಗಡಿಗಿಂತ ಕೆಳಗಿದ್ದರು. ಕೆಳಗಿದ್ದೂ ಅಪ್ಪಂದಿರಾದವರು ಅವರು. ನಿಮ್ಮ ಕೌಂಟ್ ಸರಿಯಾಗೇ ಇದೆ. ಚಲನೆ ಕಮ್ಮಿ ಇದೆ. ಆ ದೊಡ್ಡ ಹೆಸರಿನ ಅರ್ಥ 'ಚಲನೆ ಕಮ್ಮಿ, ಆಕಾರ ಸ್ವಲ್ಪ ಸರಿ ಇಲ್ಲ' ಅಂತ, ಅಷ್ಟೇ.

ಚಲನೆ ಅಂದರೆ ಏನು ಅಂತ ನಿಮಗೆ ಕಣ್ಣಿಗೆ ಕಟ್ಟುವ ಹಾಗೆ ಹೇಳುತ್ತೇನೆ. ಡಬ್ಬಿ ಬಂದ ಕೂಡಲೇ ಅದು ಗಟ್ಟಿಯಾಗಿರುತ್ತದೆ. 37 ಡಿಗ್ರಿ ಬಿಸಿಯಲ್ಲಿ ಅರ್ಧ ಗಂಟೆ ಇಟ್ಟರೆ ನೀರಾಗುತ್ತದೆ. ಒಂದು ಹನಿ ಗಾಜಿನ ಮೇಲೆ ಹಾಕಿ ನೋಡಿದರೆ, ಗದ್ದೆಗೆ ನೀರು ಬಿಟ್ಟಾಗ ಗೊದಮೊಟ್ಟೆಗಳು ಓಡಾಡುತ್ತವಲ್ಲ, ಹಾಗೆ ಕಾಣುತ್ತದೆ. ಕೆಲವು ಗುರಿ ಇಟ್ಟ ಹಾಗೆ ನೇರ ಹೋಗುತ್ತವೆ. ಕೆಲವು ನಿಂತಲ್ಲೇ ಗಿರಕಿ ಹೊಡೆಯುತ್ತವೆ. ಕೆಲವು ಬಾಲ ಮಾತ್ರ ಅಲ್ಲಾಡಿಸುತ್ತವೆ. ಉಳಿದವು ಸುಮ್ನೆ ಬಿದ್ದಿರುತ್ತವೆ. ನಾನು ಕೈಯಲ್ಲಿ ಕೌಂಟರ್ ಹಿಡಿದು 200 ಎಣಿಸುತ್ತೇನೆ, ಇನ್ನೊಂದು ಹನಿ ತೆಗೆದು ಮತ್ತೆ 200. ಎರಡೂ ಹೊಂದಲಿಲ್ಲ ಅಂದರೆ ಮೊದಲಿಂದ ಎಣಿಸಬೇಕು. 25 ವರ್ಷದ ಹುಡುಗನ ಹನಿಗೂ 45ರವರ ಹನಿಗೂ ಬಹಳ ಸಲ ಈ ನೇರ ಹೋಗುವುದರಲ್ಲೇ ವ್ಯತ್ಯಾಸ ಕಾಣುತ್ತದೆ.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ವಯಸ್ಸಿನ ಪಾಲೂ ಇರಬಹುದು. ವಯಸ್ಸಾಗುತ್ತಾ ವೀರ್ಯದ ಪ್ರಮಾಣ, ಚಲನೆ, ಆಕಾರ ನಿಧಾನವಾಗಿ ಇಳಿಯುತ್ತವೆ. ಕೌಂಟ್ ಅಷ್ಟಾಗಿ ಇಳಿಯಲ್ಲ. ಹೆಂಗಸರಲ್ಲಿ ಅಂಡಾಣುಗಳೆಲ್ಲ ಹುಟ್ಟುವಾಗಲೇ ಬಂದಿರುತ್ತವೆ, ಮುಗಿದ ಮೇಲೆ ಮುಗಿಯಿತು. ಗಂಡಸಿನಲ್ಲಿ ಕೊನೇತನಕ ತಯಾರಾಗುತ್ತಲೇ ಇರುತ್ತವೆ. 'ಗಂಡಸಿಗೇನು ವಯಸ್ಸು' ಅನ್ನುವ ಮಾತು ಅದರಿಂದಲೇ ಬಂದದ್ದು. ನಿಮ್ಮಪ್ಪನಿಗೆ 48ಕ್ಕೆ ಮಗ ಹುಟ್ಟಿದ್ದು ನಿಜ. ಆದರೆ ಆಗ ನಿಮ್ಮ ಅವ್ವನಿಗೆ ಎಷ್ಟು ವಯಸ್ಸು, ಅದಕ್ಕೆ ಮೊದಲು ಎಷ್ಟು ವರ್ಷ ಆಗಿರಲಿಲ್ಲ, ಇದನ್ನೆಲ್ಲ ಯಾರೂ ಲೆಕ್ಕ ಇಟ್ಟಿರಲ್ಲ ಅಲ್ವಾ? 40 ದಾಟಿದ ಗಂಡಸಿಗೆ ಬಾಗಿಲು ಮುಚ್ಚಲ್ಲ, ತಿಂಗಳುಗಳು ಜಾಸ್ತಿ ಹಿಡಿಯುತ್ತವೆ.

ಮಗುವಿನ ವಿಷಯ. ಇದನ್ನು ಮುಚ್ಚಿಡದೆ ಹೇಳುತ್ತೇನೆ. ಹಿಂದೆ ಪಹಣಿ ಕೈಯಲ್ಲೇ ಬರೆಯುತ್ತಿದ್ದರಲ್ಲ. ಹಳೇ ಪುಸ್ತಕ ನೋಡಿ ಹೊಸದಕ್ಕೆ ಎತ್ತಿ ಬರೆಯುವಾಗ ಬೋರೇಗೌಡ ಹೋಗಿ ಬೋರಯ್ಯ ಆಗುತ್ತಿತ್ತು, ಒಂದು ಗುಂಟೆ ಹೆಚ್ಚುಕಮ್ಮಿ ಆಗುತ್ತಿತ್ತು. ಎಷ್ಟು ಸಲ ಎತ್ತಿ ಬರೆದರೆ ಅಷ್ಟು ತಪ್ಪು ಸೇರಿಕೊಳ್ಳುತ್ತದೆ. ವೀರ್ಯಾಣು ತಯಾರು ಮಾಡುವ ಮೂಲ ಕೋಶವೂ ಹಾಗೇ. ಅದು ಸುಮಾರು 16 ದಿನಕ್ಕೊಂದು ಸಲ ಇಬ್ಭಾಗ ಆಗುತ್ತದೆ, ವರ್ಷಕ್ಕೆ 23 ಸಲ. ಪ್ರತಿ ಸಲವೂ ಪೂರ್ತಿ ಡಿಎನ್‌ಎ ಎತ್ತಿ ಬರೆಯಬೇಕು. ಐಸ್‌ಲ್ಯಾಂಡಿನಲ್ಲಿ ಅಪ್ಪ, ಅಮ್ಮ, ಮಗು ಮೂವರ ಡಿಎನ್‌ಎ ಹೋಲಿಸಿ 2012ರಲ್ಲಿ ಒಂದು ಅಧ್ಯಯನ ಬಂತು. ಅಪ್ಪನ ವಯಸ್ಸು ಒಂದು ವರ್ಷ ಜಾಸ್ತಿ ಆದರೆ ಮಗುವಿಗೆ ಹೊಸ ಬದಲಾವಣೆ ಸುಮಾರು ಎರಡು ಜಾಸ್ತಿ. 20 ವರ್ಷದ ಅಪ್ಪನಿಂದ 25ರಷ್ಟು ಬಂದರೆ 40ರ ಅಪ್ಪನಿಂದ 65ರಷ್ಟು. ಇದರಲ್ಲಿ ಬಹುಪಾಲು ಏನೂ ಮಾಡಲ್ಲ, ಹೆಸರಿನ ಒತ್ತಕ್ಷರ ತಪ್ಪಿದ ಹಾಗೆ. ಅಪರೂಪಕ್ಕೆ ಒಂದು ಸರ್ವೆ ನಂಬರೇ ತಪ್ಪಿದ ಹಾಗೆ ಆಗುತ್ತದೆ. ಕೈಕಾಲು ಗಿಡ್ಡ ಉಳಿಯುವ ಒಂದು ಬಗೆಯ ಕುಳ್ಳತನ, ಆಟಿಸಂ, ಸ್ಕಿಜೋಫ್ರೇನಿಯಾ, ಇವು ವಯಸ್ಸಾದ ಅಪ್ಪಂದಿರ ಮಕ್ಕಳಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತವೆ. ಗರ್ಭ ನಿಲ್ಲದೆ ಹೋಗುವುದೂ ಸ್ವಲ್ಪ ಜಾಸ್ತಿ. ಆದರೂ 44ರ ಅಪ್ಪಂದಿರ ಮಕ್ಕಳಲ್ಲಿ ಬಹುತೇಕ ಎಲ್ಲರೂ ಆರೋಗ್ಯವಾಗೇ ಹುಟ್ಟುತ್ತಾರೆ. ಇದು ಗೊತ್ತಿದ್ದರೆ ಇನ್ನೂ ಎರಡು ವರ್ಷ ತಳ್ಳುವುದು ಬೇಡ ಅನ್ನಿಸುತ್ತದೆ, ಅದಕ್ಕೆ ಬರೆದೆ.

ಈಗ ನಿಮ್ಮ ಕೈಯಲ್ಲಿರುವುದು. ಆಲೆಮನೆಯಲ್ಲಿ ನೀವೇ ಒಲೆ ಮುಂದೆ ನಿಲ್ಲುತ್ತೀರಾ? ವೃಷಣ ದೇಹದ ಬಿಸಿಗಿಂತ ಎರಡರಿಂದ ನಾಲ್ಕು ಡಿಗ್ರಿ ತಣ್ಣಗಿರಬೇಕು. ಅದಕ್ಕೇ ದೇವರು ಅದನ್ನು ಹೊಟ್ಟೆಯ ಹೊರಗೆ ಇಟ್ಟಿರುವುದು. ದಿನಾ ಗಂಟೆಗಟ್ಟಲೆ ಬೆಂಕಿ ಮುಂದೆ ನಿಂತರೆ ಆ ತಂಪು ಉಳಿಯಲ್ಲ. ಮೂರು ತಿಂಗಳು ಪಾಕ ನೋಡುವ ಕೆಲಸ ಬೇರೆಯವರಿಗೆ ವಹಿಸಿ. ಕಡ್ಡಿಪುಡಿ ಇವತ್ತೇ ಬಿಡಿ. ಕಬ್ಬಿಗೆ ಔಷಧಿ ಹೊಡೆಯುವಾಗ ಬರಿಗೈ, ಬರಿಮೈ ಬೇಡ. 1977ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಡಿಬಿಸಿಪಿ ಅನ್ನುವ ಮಣ್ಣಿನ ಹುಳುವಿನ ಔಷಧಿ ತಯಾರಿಸುತ್ತಿದ್ದ ಹಲವು ಕೆಲಸಗಾರರಿಗೆ ವೀರ್ಯಾಣುವೇ ಇಲ್ಲದ ಹಾಗೆ ಆಗಿತ್ತು. ಎಲ್ಲಾ ಔಷಧಿಯೂ ಹಾಗೆ ಅಂತಲ್ಲ, ಆದರೆ ಮೈಗೆ ತಾಗಿಸಿಕೊಳ್ಳುವುದು ಯಾಕೆ?

ಇನ್ನೊಂದು. 'ಕೂಡಿಟ್ಟರೆ ಜೋರಾಗಿರುತ್ತದೆ' ಅಂತ ಹದಿನೈದು ದಿನ ದೂರ ಇರುವವರಿದ್ದಾರೆ. ಹಾಗೆ ಮಾಡಿದರೆ ಸಂಖ್ಯೆ ಏರುತ್ತದೆ, ಆದರೆ ಹಳೇ ವೀರ್ಯಾಣು ನಿಂತು ನಿಂತು ಚಲನೆ ಕಳೆದುಕೊಳ್ಳುತ್ತದೆ. ಎರಡು ಮೂರು ದಿನಕ್ಕೊಂದು ಸಲ ಸೇರುವುದು ಒಳ್ಳೆಯದು. ಪರೀಕ್ಷೆಗೆ ಮಾತ್ರ ಎರಡರಿಂದ ಏಳು ದಿನ ಬಿಡುವು ಕೊಡಿ. ಮುಂದಿನ ಸಲ ಮೈಸೂರಿನಲ್ಲಿ ನೆಂಟರ ಮನೆ ಇದ್ದರೆ ಅಲ್ಲೇ ಡಬ್ಬಿಗೆ ತೆಗೆದು, ಒಳಜೇಬಿನಲ್ಲಿ ಮೈಗೆ ಒತ್ತಿಕೊಂಡ ಹಾಗೆ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ಲ್ಯಾಬಿಗೆ ತನ್ನಿ. ಅದಕ್ಕೆ ಮೊದಲು ಲ್ಯಾಬಿನವರನ್ನು ಒಂದು ಮಾತು ಕೇಳಿ.

ಜಿಮ್ ಬಾಯ್ ಮಂಡ್ಯ ಉತ್ತರ:

ಸರ್, 40 ಆದ ಮೇಲೆ ಟೆಸ್ಟೋಸ್ಟೆರಾನ್ ಇಳಿಯುತ್ತದೆ, ಅದಕ್ಕೇ ಹೀಗಾಗುವುದು. ನಮ್ಮ ಜಿಮ್ಮಿನಲ್ಲಿ ಇಬ್ಬರು ಇಂಜೆಕ್ಷನ್ ತೆಗೆದುಕೊಂಡು ಹುಡುಗರ ಹಾಗೆ ಆಗಿದ್ದಾರೆ. ಒಳ್ಳೆ ಎನರ್ಜಿ ಬರುತ್ತದೆ. ವಿಚಾರಿಸಿ ನೋಡಿ.

ಲ್ಯಾಬ್ ಅಕ್ಕ ಮೈಸೂರು ಉತ್ತರ:

ತಮ್ಮಾ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡ. ಮಗು ಬೇಕು ಅನ್ನುವವರು ಮಾಡಲೇಬಾರದ ಕೆಲಸ ಇದು. ಹೊರಗಿಂದ ಟೆಸ್ಟೋಸ್ಟೆರಾನ್ ಚುಚ್ಚಿದರೆ ಮೆದುಳು 'ಬೇಕಾದಷ್ಟು ಇದೆ' ಅಂದುಕೊಂಡು ವೃಷಣಕ್ಕೆ ಕಳಿಸುವ ಸೂಚನೆ ನಿಲ್ಲಿಸುತ್ತದೆ. ವೃಷಣ ವೀರ್ಯಾಣು ತಯಾರಿಸುವುದನ್ನೇ ಬಿಡುತ್ತದೆ. ಮೈಕಟ್ಟು ಜೋರಾಗಿರುವ 29 ವರ್ಷದ ಹುಡುಗನ ಸ್ಲೈಡಿನಲ್ಲಿ ಒಂದೂ ಕಾಣದೆ, ಸ್ಯಾಂಪಲ್ ಮೆಷಿನ್ನಿನಲ್ಲಿ ಗಿರ್ರನೆ ತಿರುಗಿಸಿ ತಳ ನೋಡಿ, ಆಮೇಲೂ ಸೊನ್ನೆ ಬರೆದಿದ್ದೇನೆ. ಆ ರಿಪೋರ್ಟಿಗೆ ಸಹಿ ಹಾಕುವಾಗ ಕೈ ಭಾರ ಆಗಿತ್ತು. ಬಿಟ್ಟ ಮೇಲೆ ಬಹಳ ಜನರಿಗೆ ವಾಪಸ್ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು. ನಿನ್ನ ಆ ಇಬ್ಬರು ಸ್ನೇಹಿತರಿಗೂ ಇದನ್ನು ಹೇಳು.

ಕುವೆಂಪುನಗರ ಗೃಹಿಣಿ ಉತ್ತರ:

ಅಣ್ಣ, ಹೆಂಡತಿ ಒದ್ದೆ ಕೂದಲಲ್ಲಿ ಸುತ್ತಿದ್ದು ಓದಿ ನನಗೆ ಕಣ್ಣೀರು ಬಂತು. ನನ್ನ ಕಥೆಯೂ ಅದೇ, ಅರಳಿಮರದ ಜಾಗದಲ್ಲಿ ಆಸ್ಪತ್ರೆ.

ನನಗೆ 37, ನಮ್ಮನೆಯವರಿಗೆ 46. ಒಂದು ಕ್ಲಿನಿಕ್ಕಿನಲ್ಲಿ, ಹೆಸರು ಬೇಡ, ಎರಡು ವರ್ಷ ಬರೀ ನನ್ನನ್ನೇ ಪರೀಕ್ಷೆ ಮಾಡಿದರು. ಟ್ಯೂಬಿಗೆ ಡೈ ಹಾಕಿ ಎಕ್ಸ್‌ರೇ ತೆಗೆದ ದಿನ ನೋವಿಗೆ ಆಟೋದಲ್ಲಿ ಬಗ್ಗಿಕೊಂಡೇ ಮನೆಗೆ ಬಂದೆ. ಆರು ತಿಂಗಳು ಅಂಡಾಣು ಬೆಳೆಯುವ ಮಾತ್ರೆ ನುಂಗಿದೆ. ಎಲ್ಲಾ ಆದ ಮೇಲೆ ಬೇರೆ ಕಡೆ ಹೋದಾಗ ಇವರನ್ನು ಹತ್ತು ನಿಮಿಷ ಪರೀಕ್ಷೆ ಮಾಡಿ ಹೇಳಿದರು, ವೆರಿಕೋಸೀಲ್ ಅಂತ. ಎಡಗಡೆ ಬೀಜದ ಮೇಲಿನ ರಕ್ತನಾಳ ಊದಿಕೊಂಡು, ಹುಳುಗಳು ಮುದ್ದೆಯಾದ ಹಾಗೆ ಕೈಗೆ ಸಿಗುತ್ತಿತ್ತು. ನೂರರಲ್ಲಿ ಸುಮಾರು 15 ಗಂಡಸರಿಗೆ ಇರುತ್ತದಂತೆ. ಬಹಳ ಜನರಿಗೆ ಏನೂ ತೊಂದರೆ ಇಲ್ಲ, ಆದರೆ ಮಕ್ಕಳಾಗದೆ ಬರುವ ಗಂಡಸರಲ್ಲಿ ಮೂರರಲ್ಲಿ ಒಬ್ಬರಿಗಿಂತ ಜಾಸ್ತಿ ಜನರಿಗೆ ಇರುತ್ತದೆ ಅಂದರು. ಆ ಹತ್ತು ನಿಮಿಷ ಎರಡು ವರ್ಷ ಮೊದಲು ಯಾರೂ ಕೊಡಲಿಲ್ಲ. ಅಷ್ಟರಲ್ಲಿ ನನಗೂ ವಯಸ್ಸಾಯಿತು, ಇವರಿಗೂ ಆಯಿತು.

ಆಪರೇಷನ್ ಆಗಿ ಏಳು ತಿಂಗಳಿಗೆ ನಿಂತಿತು. ಒಂಬತ್ತು ವಾರಕ್ಕೆ ಹೋಯಿತು. ಆಗ ಇವರು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದು ನನಗೆ ಗೊತ್ತು, ಇವರಿಗೆ ನನಗೆ ಗೊತ್ತಿರುವುದು ಗೊತ್ತಿಲ್ಲ. ಸಿಗರೇಟ್ ಅವತ್ತಿಂದ ಮುಟ್ಟಿಲ್ಲ. ಈಗ ನನಗೆ ಆರನೇ ತಿಂಗಳು, ಸ್ಕ್ಯಾನ್ ಎಲ್ಲಾ ಸರಿ ಇದೆ.

ನಾನು ಕೇಳಿಕೊಳ್ಳುವುದು ಒಂದೇ. ರಿಪೋರ್ಟ್ ಅನ್ನು ಹೆಂಡತಿಗೆ ತೋರಿಸಿ. 'ನಾರ್ಮಲ್ಲೇ ಬಂದಿದೆ' ಅಂತ ಸುಳ್ಳು ಹೇಳಬೇಡಿ. ನಿಮ್ಮ ಅವ್ವನಿಗೂ ನೀವೇ ಹೇಳಿ. ಅವಳು ಹೇಳಿದರೆ ಅದು ಬೇರೆ ಥರ ಕೇಳಿಸುತ್ತದೆ.

ನೈಟ್ ಡ್ಯೂಟಿ ಡ್ರೈವರ್ ಉತ್ತರ:

ನನಗೆ 53. ಎರಡನೇ ಮದುವೆ 47ಕ್ಕೆ. ಬಸ್ ಡ್ರೈವರ್, ಸೀಟಿನ ಪಕ್ಕದಲ್ಲೇ ಇಂಜಿನ್ ಬಿಸಿ. ಶುಗರ್ 9 ವರ್ಷದಿಂದ. ನನಗೆ ವೀರ್ಯವೇ ಸರಿಯಾಗಿ ಬರುತ್ತಿರಲಿಲ್ಲ, ಒಂದೆರಡು ಹನಿ ಅಷ್ಟೇ. ವಯಸ್ಸಾಯಿತು ಅಂದುಕೊಂಡು ಸುಮ್ನಿದ್ದೆ. ಡಾಕ್ಟರ್ ಆಮೇಲೆ ಮೂತ್ರ ಹಿಡಿದು ಪರೀಕ್ಷೆ ಮಾಡಿಸಿದರು. ಅದರಲ್ಲಿ ವೀರ್ಯಾಣು ಇತ್ತು! ಶುಗರಿನಿಂದ ನರ ಸೋತು, ಹೊರಗೆ ಬರಬೇಕಾದ್ದು ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತಿತ್ತಂತೆ. ಅದನ್ನೇ ತೆಗೆದು, ಒಂದು ವೀರ್ಯಾಣುವನ್ನು ಸೂಜಿಯಲ್ಲಿ ಅಂಡಾಣುವಿನ ಒಳಗೆ ಇಡುವ ಇಕ್ಸಿ ಮಾಡಿದರು. ಈ ವಿಧಾನದಲ್ಲಿ ಮಕ್ಕಳು ಹುಟ್ಟೋಕೆ ಶುರುವಾಗಿದ್ದು 1992ರಿಂದ. ಮೊದಲ ಸಲ ಆಗಲಿಲ್ಲ. ಎರಡನೇ ಸಲ ಆಯಿತು. ಮಗಳಿಗೆ ಈಗ ಎರಡು ವರ್ಷ. ಸಾಲ ಇನ್ನೂ ತೀರಿಲ್ಲ.

40 ದಾಟಿದವರಿಗೆ ಒಂದು ಮಾತು. ಅಂಡಾಣು, ವೀರ್ಯಾಣುವನ್ನು ಲ್ಯಾಬಿನಲ್ಲಿ ಸೇರಿಸುವ ಐವಿಎಫ್ ಥರದ ಚಿಕಿತ್ಸೆಗೆ ಕಾನೂನಿನಲ್ಲಿ ವಯಸ್ಸಿನ ಮಿತಿ ಇದೆ, 2021ರಲ್ಲಿ ಬಂದದ್ದು. ಗಂಡಸಿಗೆ 55, ಹೆಂಗಸಿಗೆ 50. ನನಗೆ ಅದು ಗೊತ್ತಾಗಿದ್ದು 49ಕ್ಕೆ. ಮೊದಲೇ ಗೊತ್ತಿದ್ದರೆ ಎರಡು ವರ್ಷ ಪುಡಿ, ಲೇಹ್ಯ ಅಂತ ಕಳೆಯುತ್ತಿರಲಿಲ್ಲ.

ಆಲೆಮನೆ ಪಾಂಡವಪುರ (ನಾಲ್ಕು ತಿಂಗಳ ನಂತರ):

ಎಲ್ಲರಿಗೂ ಕೈಮುಗಿದು ನಮಸ್ಕಾರ. ಅಕ್ಕ, ನೀವು ಬರೆದದ್ದನ್ನು ಪ್ರಿಂಟ್ ತೆಗೆಸಿ ಇಟ್ಟುಕೊಂಡಿದ್ದೆ. ಏನಾಯಿತು ಅಂತ ಹೇಳಬೇಕು ಅನ್ನಿಸಿತು.

ಆಲೆಮನೆಯಲ್ಲಿ ನಾನು 18ನೇ ವಯಸ್ಸಿಂದ ಒಲೆ ಮುಂದೆ ನಿಂತವನು. ಕಬ್ಬಿನ ಸಿಪ್ಪೆ ತಳ್ಳೋಕೆ ಆಳು ಇದ್ದರೂ ಪಾಕದ ಹದ ನಾನೇ ನೋಡಬೇಕು. ಕೊಪ್ಪರಿಗೆ ಅಂಚಿಗೆ ಪಂಚೆ ತಾಗುವಷ್ಟು ಹತ್ತಿರ ನಿಂತು, ಪಾಕ ತಣ್ಣೀರಿಗೆ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುವುದು. ತೊಡೆ ಮುಂಭಾಗದ ಕೂದಲೆಲ್ಲ ಯಾವಾಗಲೋ ಸುಟ್ಟು ಹೋಗಿದೆ. ಅದು ಒಳಗೂ ಏನೋ ಮಾಡುತ್ತಿರಬಹುದು ಅಂತ 26 ವರ್ಷ ಹೊಳೆದೇ ಇರಲಿಲ್ಲ. ಈಗ ಚಿಕ್ಕಪ್ಪನ ಮಗ ನಿಲ್ಲುತ್ತಾನೆ. ಅವನಿಗೂ ಇದನ್ನು ಓದಿಸಿದೆ. ಅವನಿಗೆ 38, ಇನ್ನೂ ಮದುವೆ ಆಗಿಲ್ಲ. ಹಾಗಾಗಿ ಒಂದು ವಾರ ಅವನು, ಒಂದು ವಾರ ಬೇರೆ ಆಳು ಅಂತ ಮಾಡಿದ್ದೇವೆ.

ಕಡ್ಡಿಪುಡಿ ಬಿಡೋದು ಒಲೆ ಬಿಟ್ಟಿದ್ದಕ್ಕಿಂತ ಕಷ್ಟ ಆಯಿತು. ಮೊದಲ ಹದಿನೈದು ದಿನ ಎಲ್ಲರ ಮೇಲೂ ರೇಗುತ್ತಿದ್ದೆ. ಈಗ ಜೇಬಿನಲ್ಲಿ ಲವಂಗ ಇರುತ್ತದೆ.

ಎರಡನೇ ಪರೀಕ್ಷೆ ಮೈಸೂರಿನಲ್ಲಿ ಆಯಿತು. ಸರಸ್ವತಿಪುರಂನಲ್ಲಿ ಅಕ್ಕನ ಮನೆ ಇದೆ, ಹಿಂದಿನ ರಾತ್ರಿ ಹೋಗಿ ಉಳಿದೆವು. ಡಬ್ಬಿ ಬನಿಯನ್ ಒಳಗೆ ಇಟ್ಟುಕೊಂಡು, ಮೇಲೆ ಕೈ ಅಡ್ಡ ಹಿಡಿದು ಆಟೋದಲ್ಲಿ ಹೋದೆ. ಇಪ್ಪತ್ತು ನಿಮಿಷ. ಹೆಂಡತಿ ಪಕ್ಕದಲ್ಲೇ ಕೂತು ಡ್ರೈವರಿಗೆ 'ಹಂಪ್ ನೋಡ್ಕೊಂಡು ನಿಧಾನ ಅಣ್ಣ' ಅನ್ನುತ್ತಿದ್ದಳು. ವಾಲ್ಯೂಮ್ 2.4, ಕೌಂಟ್ 31 ಮಿಲಿಯನ್, ಒಟ್ಟು ಮೊಟಿಲಿಟಿ 45, ಪ್ರೋಗ್ರೆಸಿವ್ 32, ನಾರ್ಮಲ್ ಫಾರಂ 4. ಗಡಿಗಿಂತ ಒಂದು ಮೆಟ್ಟಿಲು ಮೇಲೆ. ವೆರಿಕೋಸೀಲ್ ಇಲ್ಲ ಅಂತ ಡಾಕ್ಟರ್ ಹೇಳಿದರು. ಜ್ವರ, ಬೆಂಕಿ, ಕಡ್ಡಿಪುಡಿ, ವಯಸ್ಸು, ಎಷ್ಟೆಷ್ಟು ಪಾಲು ಅಂತ ಬಿಡಿಸಿ ಹೇಳೋಕೆ ಆಗಲ್ಲ ಅಂದರು.

ಕುವೆಂಪುನಗರದ ಅಕ್ಕ, ಅವ್ವನಿಗೆ ನಾನೇ ಹೇಳಿದೆ. ರಾಗಿ ಕೇರುತ್ತಿದ್ದರು. 'ಅವ್ವ, ಅವಳಲ್ಲಿ ಏನೂ ಇಲ್ಲ, ನನ್ನದೇ ಸ್ವಲ್ಪ ಕಮ್ಮಿ ಇದೆ' ಅಂದೆ. ಮೊರ ಕೆಳಗಿಟ್ಟು ನನ್ನ ಮುಖ ನೋಡಿದರು. ಒಂದು ಮಾತೂ ಆಡಲಿಲ್ಲ. ಸಾಯಂಕಾಲ ಇವಳ ತಲೆಗೆ ಎಣ್ಣೆ ಹಚ್ಚುತ್ತಾ ಕೂತಿದ್ದರು. ಮದುವೆಯಾಗಿ ಬಂದಾಗಿಂದ ಹಾಗೆ ಕೂತಿದ್ದು ನಾನು ನೋಡಿರಲಿಲ್ಲ.

ಇನ್ನೂ ಬಸುರಿ ಆಗಿಲ್ಲ. ಇವಳಿಗೆ 34 ತುಂಬಿತು. ಐಯುಐ ಒಂದೆರಡು ಸಲ ಮಾಡೋಣ ಅಂತ ಡಾಕ್ಟರ್ ಹೇಳಿದ್ದಾರೆ, ವೀರ್ಯ ತೊಳೆದು ಚೆನ್ನಾಗಿ ಓಡುವವನ್ನು ಮಾತ್ರ ಗರ್ಭಕೋಶಕ್ಕೆ ಬಿಡುವುದಂತೆ. ಈಗ ಕಬ್ಬು ಅರೆಯುವ ಸಮಯ. ಎರಡು ತಿಂಗಳು ಬಿಟ್ಟು, ಬೆಲ್ಲ ಮಾರಿದ ಮೇಲೆ ಹೋಗಬಹುದಾ ಅಕ್ಕ?

ಲ್ಯಾಬ್ ಅಕ್ಕ ಮೈಸೂರು ಉತ್ತರ:

ಅಣ್ಣ, ರಿಪೋರ್ಟ್ ನೋಡಿ ತುಂಬಾ ಸಂತೋಷ ಆಯಿತು. ಕಾಯಬೇಡಿ. ಎರಡು ತಿಂಗಳು ಕಾಯಬಹುದಾದ ವಯಸ್ಸು ನಿಮ್ಮಿಬ್ಬರದೂ ಅಲ್ಲ. ಐಯುಐಗೆ ಇಡೀ ದಿನ ಬೇಕಾಗಿಲ್ಲ, ಮಧ್ಯಾಹ್ನದ ಹೊತ್ತಿಗೆ ಊರಿಗೆ ವಾಪಸ್ ಬರಬಹುದು. ಮುಟ್ಟಾದ ಎರಡನೇ ದಿನ ಡಾಕ್ಟರಿಗೆ ಫೋನ್ ಮಾಡಿ, ದಿನ ಅವರೇ ಲೆಕ್ಕ ಹಾಕಿ ಹೇಳುತ್ತಾರೆ. ಆ ವಾರ ಬಿಸಿನೀರಿನ ಎಣ್ಣೆಸ್ನಾನವೂ ಬೇಡ, ಒಲೆ ಹತ್ತಿರವೂ ಬೇಡ.

ಆಲೆಮನೆ ಪಾಂಡವಪುರ ಉತ್ತರ:

ಆಯ್ತು ಅಕ್ಕ. ನಿನ್ನೆ ಎರಡನೇ ದಿನ, ಫೋನ್ ಮಾಡಿದೆ. ಬರುವ ಗುರುವಾರ ಸ್ಕ್ಯಾನಿಂಗ್‌ಗೆ ಬರೋಕೆ ಹೇಳಿದ್ದಾರೆ. ಇಬ್ಬರೂ ಹೋಗುತ್ತೇವೆ. ಹಿಂದಿನ ರಾತ್ರಿಯೇ ಅಕ್ಕನ ಮನೆಗೆ.